ನಮ್ಮ ಓಣಿಯ ಮೆಂಬರ್ ಮತ್ತು ಠರಾವಿನ ಪುಸ್ತಕ



ಬಾಗಲಕೋಟೆಯಲ್ಲಾಗಲಿ, ಇಳಕಲ್ಲಿನಲ್ಲಾಗಲಿ ನಳಕ್ಕೆ ನೀರು ಬರದೆ ನಾಲ್ಕು ದಿನವಾದರೆ ಓಣಿಯ ಜನ ಮೊದಲು ಹೋಗುವುದು ಮೆಂಬರರ, ಅಂದರೆ ಪೌರಸಂಸ್ಥೆಯ ವಾರ್ಡ್ ಸದಸ್ಯರ ಮನೆಗೆ. ಗಟಾರ ತುಂಬಿದರೂ ಅಲ್ಲಿಗೇ, ಕಂಬದ ದೀಪ ಆರಿದರೂ ಅಲ್ಲಿಗೇ, ಮನೆಯ ಉತಾರ ಸಿಗದಿದ್ದರೂ ಅಲ್ಲಿಗೇ. ಶಾಸಕರನ್ನು ಕಾಣಬೇಕಾದರೆ ದಿನ ನೋಡಬೇಕು, ಮಂತ್ರಿಗಳನ್ನು ಕಾಣಬೇಕಾದರೆ ಬೆಂಗಳೂರಿಗೆ ಹೋಗಬೇಕು. ಇವರು ಮಾತ್ರ ಸಂತೆಯಲ್ಲಿ, ಮದುವೆಯಲ್ಲಿ, ಮಣ್ಣು ಕೊಡುವ ಜಾಗದಲ್ಲಿ ದಿನಾ ಎದುರಾಗುವವರು. ಇಷ್ಟು ಹತ್ತಿರದ ಪ್ರತಿನಿಧಿಯ ಅಧಿಕಾರ ಎಷ್ಟು, ಅದು ನಡೆಯುವುದೆಲ್ಲಿ, ಅದನ್ನು ನಾವು ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಇವತ್ತು ಹೇಳಬೇಕೆಂದುಕೊಂಡಿದ್ದೇನೆ.

ನಮ್ಮ ಬಾಗಲಕೋಟೆ ಜಿಲ್ಲೆ ವಿಜಯಪುರದಿಂದ ಬೇರೆಯಾದದ್ದು 1997 ರ ಆಗಸ್ಟ್ 15 ರಂದು. ನಾನು ಮಾತಾಡುತ್ತಿರುವ ನಾಲ್ಕು ಊರುಗಳಲ್ಲಿ ಬಾಗಲಕೋಟೆ ಮತ್ತು ಇಳಕಲ್ ನಗರಸಭೆಗಳು, ಬಾದಾಮಿ ಮತ್ತು ಹುನಗುಂದ ಪುರಸಭೆಗಳು. 1964 ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಜನರಿರುವ ಊರಿಗೆ ಪುರಸಭೆ, ಅದಕ್ಕಿಂತ ಮೇಲೆ ಮೂರು ಲಕ್ಷದವರೆಗೆ ನಗರಸಭೆ. 2011 ರ ಜನಗಣತಿಯಲ್ಲಿ ಬಾಗಲಕೋಟೆಯ ಜನಸಂಖ್ಯೆ ಒಂದು ಲಕ್ಷ ಹನ್ನೊಂದು ಸಾವಿರ ದಾಟಿತ್ತು, ಇಳಕಲ್ಲಿನದು ಅರವತ್ತು ಸಾವಿರ, ಬಾದಾಮಿಯದು ಸುಮಾರು ಮೂವತ್ತೊಂದು ಸಾವಿರ. ಅದಕ್ಕೆ ತಕ್ಕಂತೆ ಬಾಗಲಕೋಟೆಗೆ 35 ವಾರ್ಡು, ಇಳಕಲ್ಲಿಗೆ 31, ಬಾದಾಮಿಗೂ ಹುನಗುಂದಕ್ಕೂ ತಲಾ 23. ಅಂದರೆ ಬಾದಾಮಿಯಲ್ಲಿ ಸಾವಿರದ ಮುನ್ನೂರು ನಾಲ್ಕುನೂರು ಜನಕ್ಕೆ ಒಬ್ಬ ಪ್ರತಿನಿಧಿ. ಬೇರೆ ಯಾವ ಚುನಾವಣೆಯಲ್ಲೂ ಪಟ್ಟಣದ ಮತದಾರನಿಗೆ ಇಷ್ಟು ತೂಕವಿಲ್ಲ.

ಊರಿನ ಆಡಳಿತವನ್ನು ಊರಿನವರೇ ನಡೆಸುವ ಪದ್ಧತಿ ಬ್ರಿಟಿಷರಿಂದ ಬಂತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಆದರೆ ಅದು ಇನ್ನೂ ಹಳೆಯದು. ಹುನಗುಂದ ತಾಲ್ಲೂಕಿನ ಐಹೊಳೆಯ ಐನೂರ್ವರು, ಆ ದೊಡ್ಡ ವರ್ತಕರ ಸಂಘ, ತಮ್ಮ ಕಟ್ಟಳೆಗಳನ್ನು ತಾವೇ ಮಾಡಿಕೊಂಡು ದಕ್ಷಿಣ ಭಾರತದ ತುಂಬ ವ್ಯಾಪಾರ ನಡೆಸಿದವರು. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, ಎಂಟನೆಯ ಶತಮಾನದಲ್ಲಿ, ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಒಂದು ಆಚಾರ ವ್ಯವಸ್ಥೆಯನ್ನು ಕಲ್ಲಿನಲ್ಲಿ ಬರೆಸಿಕೊಟ್ಟ. ರಾಜನ ಅಧಿಕಾರಿಗಳು ಏನನ್ನು ಕಾಪಾಡಬೇಕು, ಊರಿನ ಮನೆಗಳು ಯಾವ ತಿಂಗಳು ಏನು ತೆರಬೇಕು ಎಂಬುದು ಅದರಲ್ಲಿದೆ. ಅಧಿಕಾರಿಯ ಕರ್ತವ್ಯ, ಪ್ರಜೆಯ ತೆರಿಗೆ, ಎರಡನ್ನೂ ಒಂದೇ ಕಲ್ಲಿನ ಮೇಲೆ ಬರೆಸಿದ್ದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಆಮೇಲೆ 1882 ರಲ್ಲಿ ಲಾರ್ಡ್ ರಿಪ್ಪನ್ನರ ನಿರ್ಣಯ ಬಂದು, ಚುನಾಯಿತ ಸದಸ್ಯರಿಗೆ ಪುರಸಭೆಗಳಲ್ಲಿ ಹೆಚ್ಚು ಜಾಗ ಸಿಕ್ಕಿತು. ವಚನಗಳ ಸಂಶೋಧನೆಗೆ ಬಾಳು ಸವೆಸಿದ ಫ.ಗು. ಹಳಕಟ್ಟಿಯವರು ವಕೀಲರಾಗಿ ವಿಜಯಪುರದಲ್ಲಿ ನೆಲೆಸಿ ಅಲ್ಲಿನ ಪುರಸಭೆಯಲ್ಲೂ ದುಡಿದರು.

ಈಗ ಅಧಿಕಾರದ ಮಾತಿಗೆ ಬರೋಣ. ಮೆಂಬರ್ ಒಬ್ಬರೇ ನಿಂತು ಒಂದು ರೂಪಾಯಿಯ ಬಿಲ್ಲನ್ನೂ ಪಾಸು ಮಾಡಲಾರರು. ನೌಕರರು ಉತ್ತರ ಕೊಡಬೇಕಾದದ್ದು ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆಯಲ್ಲಿ ಮುಖ್ಯಾಧಿಕಾರಿಗೆ. ಮೆಂಬರರ ಬಲವೆಲ್ಲ ಇರುವುದು ಸಾಮಾನ್ಯ ಸಭೆಯಲ್ಲಿ. ಅಲ್ಲಿ ಅವರು ವಿಷಯ ಎತ್ತಬೇಕು, ಅದು ಅಜೆಂಡಾದಲ್ಲಿ ಬರಬೇಕು, ಚರ್ಚೆಯಾಗಿ ಠರಾವು ಆಗಬೇಕು, ಆ ಠರಾವು ನಡಾವಳಿ ಪುಸ್ತಕದಲ್ಲಿ ಬರಹಕ್ಕಿಳಿಯಬೇಕು. ಆ ಮೇಲೆಯೇ ಎಂಜಿನಿಯರರ ಅಂದಾಜು ಪಟ್ಟಿ, ಟೆಂಡರು, ಕೆಲಸ. ಫೋನ್ ಮಾಡಿ ಒಂದು ಟ್ಯಾಂಕರ್ ತರಿಸಿಕೊಟ್ಟ ಮೆಂಬರರನ್ನು ನಾವು ಕೊಂಡಾಡುತ್ತೇವೆ. ಅದು ಒಳ್ಳೆಯ ಕೆಲಸವೇ. ಆದರೆ ಬೇಸಿಗೆಗೆ ಮೊದಲೇ ಆ ಓಣಿಯ ಹಳೆಯ ಪೈಪು ಬದಲಿಸುವ ಠರಾವು ಮಾಡಿಸಿದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಸೇವೆ ಎರಡನೆಯದು.

ಇಳಕಲ್ಲಿನ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ನೇಕಾರರ ಮನೆಯೆಂದರೆ ಅದೇ ಕಾರ್ಖಾನೆ. ಕುಣಿಮಗ್ಗ ಇರುವುದು ನಡುಮನೆಯ ನೆಲದಲ್ಲೇ. ನೇಯುವವರು ನೆಲದ ಅಂಚಿಗೆ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ವಿಶೇಷ. ಒಂದೊಂದೇ ಎಳೆಯನ್ನು ಹಿಡಿದು ಮಾಡುವ ಆ ಕೆಲಸಕ್ಕೆ ಒಣ ನೆಲ ಬೇಕು. ಈಗ ಹೊರಗಿನ ರಸ್ತೆ ನೋಡಿ. ಹಳೆಯ ರಸ್ತೆಯನ್ನು ಕೀಳದೆ ಅದರ ಮೇಲೆಯೇ ಕಾಂಕ್ರೀಟು ಹಾಕುತ್ತಾರೆ. ಹತ್ತು ವರ್ಷಕ್ಕೆ ಇನ್ನೊಂದು ಪದರ. ರಸ್ತೆ ಏರುತ್ತ ಹೋಗುತ್ತದೆ, ಮನೆಯ ಹೊಸ್ತಿಲು ಇದ್ದಲ್ಲೇ ಇರುತ್ತದೆ. ಒಂದು ಜೋರು ಮಳೆ ಬಂದರೆ ಗಟಾರದ ನೀರು ಹೊಸ್ತಿಲು ದಾಟಿ ಒಳಗೆ ಬಂದು ನೇರವಾಗಿ ಕುಣಿಗೆ ಇಳಿಯುತ್ತದೆ. ಮನೆಯಲ್ಲಿ ಅತ್ಯಂತ ತಗ್ಗಿನ ಜಾಗ ಅದೇ ತಾನೆ? ಹಾಸು ನೆನೆಯಿತೆಂದರೆ ಆ ವಾರದ ದುಡಿಮೆ ಹೋದಂತೆ.

ಇಲ್ಲಿ ಮೆಂಬರ್ ಮಾಡಬೇಕಾದ ಕೆಲಸ ಯಾವುದು? ರಸ್ತೆ ತಂದೆ ಎಂದು ಫಲಕ ಹಾಕಿಸುವುದು ಸುಲಭ. ಹಳೆಯ ಪದರ ಕಿತ್ತು ಹೊಸದು ಹಾಕಬೇಕು, ರಸ್ತೆಯ ಮಟ್ಟ ಮನೆಗಳ ಹೊಸ್ತಿಲಿಗಿಂತ ಕೆಳಗಿರಬೇಕು, ಗಟಾರದ ಇಳಿಜಾರು ಯಾವ ಕಡೆಗೆ ಎಂದು ಅಳೆದು ಬರೆಯಬೇಕು ಎಂಬ ಷರತ್ತನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಲು ಸಭೆಯಲ್ಲಿ ಹಟ ಹಿಡಿಯುವುದು ಕಷ್ಟ. ಕೀಳುವ ಖರ್ಚಿನಿಂದ ರಸ್ತೆಯ ಉದ್ದ ಕಡಿಮೆಯಾಗುತ್ತದೆ, ನಾಲ್ಕು ಮನೆಯವರು ಸಿಟ್ಟಾಗುತ್ತಾರೆ. ಆದರೂ ಆ ಷರತ್ತೇ ಮಗ್ಗವನ್ನು ಉಳಿಸುವುದು. ಓಣಿಯಲ್ಲಿ ಕೆಲಸ ಶುರುವಾದ ದಿನ ಹೊಸ್ತಿಲಿನ ಹತ್ತಿರ ನಿಂತು ಮಟ್ಟ ಕೇಳುವ ಹಕ್ಕು ನಿಮಗೂ ಇದೆ. ಕೇಳಿ.

ಬಾದಾಮಿಯ ಕಷ್ಟವೇ ಬೇರೆ. ಅಗಸ್ತ್ಯತೀರ್ಥದ ಸುತ್ತ, ಗುಹೆಗಳ ಕೆಳಗೆ ಜನ ತಲೆಮಾರುಗಳಿಂದ ವಾಸವಾಗಿದ್ದಾರೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ ಇನ್ನೂ 200 ಮೀಟರು ನಿರ್ಬಂಧಿತ ಪ್ರದೇಶ. ಸೋರುವ ಮಾಳಿಗೆ ರಿಪೇರಿ ಮಾಡಿಸಬೇಕಾದರೂ ಅನುಮತಿ ಬೇಕು. ಪುರಸಭೆಗೆ ಈ ನಿಯಮ ಸಡಿಲಿಸುವ ಅಧಿಕಾರವಿಲ್ಲ. ಸಡಿಲಿಸಬೇಕೆಂದು ನಾನೂ ಹೇಳಲಾರೆ, ಆ ಬಂಡೆಗಳು ಊರಿನ ಪ್ರಾಣ. ಆದರೆ ರಿಪೇರಿಗೆ ಅರ್ಜಿ ಹಾಕುವ ದಾರಿ ಉಂಟು ಎಂಬುದೇ ತಿಳಿಯದೆ ಮಳೆಗಾಲ ಕಳೆಯುವ ಮುದುಕರಿದ್ದಾರೆ. ಅವರ ಅರ್ಜಿ ಬರೆಸಿ, ನಕ್ಷೆ ಜೋಡಿಸಿ, ಬೆನ್ನು ಹತ್ತುವ ಮೆಂಬರ್ ಇದ್ದರೆ ಸ್ಮಾರಕವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. 2015 ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ಊರುಗಳಿಗಾಗಿ ಹೃದಯ್ ಯೋಜನೆ ತಂದಾಗ ವಾರಾಣಸಿ, ಅಮೃತಸರ, ಪುರಿಗಳ ಜೊತೆ ಹನ್ನೆರಡರಲ್ಲಿ ಒಂದಾಗಿ ಬಾದಾಮಿಯೂ ಇತ್ತು. ಯೋಜನೆ 2019 ರಲ್ಲಿ ಮುಗಿಯಿತು. ಬರುವ ಪ್ರವಾಸಿಗರಿಗೆ ಶೌಚಾಲಯ, ಊರಿನ ಗಟಾರ, ಕೆರೆಯ ದಂಡೆಯ ಚೊಕ್ಕತನ ಇವು ಮತ್ತೆ ಇಪ್ಪತ್ತಮೂರು ಮೆಂಬರರ ಮೇಜಿಗೇ ಬಂದವು.

ಬಾಗಲಕೋಟೆಯನ್ನಂತೂ ನೀರೇ ಸ್ಥಳಾಂತರಿಸಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ, ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ, ಎಲ್ಲರೂ ಕರೆಯುವ ಬಿಟಿಡಿಎ, ನವನಗರವನ್ನು ಕಟ್ಟಿತು. ಕಿಲ್ಲೆಯಲ್ಲಿ, ಪೇಟೆಗಳಲ್ಲಿ ಗೋಡೆಗೆ ಗೋಡೆ ಕೂಡಿಸಿಕೊಂಡು ಬಾಳಿದವರು ನಂಬರಿನ ಸೆಕ್ಟರುಗಳಿಗೆ ಹಂಚಿಹೋದರು. ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತಿರುವುದರಿಂದ ಇನ್ನಷ್ಟು ಮನೆಗಳು ಕಾಯುತ್ತ ಕುಳಿತಿವೆ. ಮುಳುಗುವ ಮನೆ ಎಂದು ಗುರುತಾದ ಮೇಲೆ ಆ ಓಣಿಗೆ ಹೊಸ ಗಟಾರ ಯಾರು ಮಾಡಿಸುತ್ತಾರೆ? ಪರಿಹಾರ ಕೈಸೇರುವ ತನಕ ಆ ಜನ ಅಲ್ಲೇ ಇರಬೇಕು, ಅವರಿಗೂ ನೀರು ಬೇಕು, ದೀಪ ಬೇಕು. ಇತ್ತ ನವನಗರದಲ್ಲಿ ದೀಪ ಆರಿದರೆ ಅದು ಬಿಟಿಡಿಎಯದೋ ನಗರಸಭೆಯದೋ ಎಂಬ ಪ್ರಶ್ನೆ. ಒಳ್ಳೆಯ ಮೆಂಬರ್ ಅರ್ಜಿದಾರರನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಸದೆ, ತಾವೇ ಎರಡೂ ಕಡೆ ಪತ್ರ ಬರೆದು ಉತ್ತರ ತರಿಸುತ್ತಾರೆ.

ಹುನಗುಂದದ ಬಗ್ಗೆ ಒಂದು ಮಾತು. ಇಳಕಲ್ ಬೇರೆ ತಾಲ್ಲೂಕಾದ ಮೇಲೆ ಈ ಹಳೆಯ ತಾಲ್ಲೂಕು ಕೇಂದ್ರಕ್ಕೆ ಬರುವ ಜನ ಕಡಿಮೆಯಾದರು. ಚಿಕ್ಕ ಪುರಸಭೆಗೆ ಸ್ವಂತ ಆದಾಯವೆಂದರೆ ಮನೆ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ. ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ಅದನ್ನು ಮನೆಮನೆಗೆ ಹೇಳುವುದೂ ಮೆಂಬರರ ಕೆಲಸ, ಆದರೆ ತೆರಿಗೆ ಕೇಳಿದರೆ ಮತ ಹೋಗುತ್ತದೆಂಬ ಅಂಜಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಬಾಗಿಲಿದೆ. ಪೌರಸಂಸ್ಥೆಯ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಪಾಲು ತೆಗೆದಿಡುತ್ತಾರೆ. ಓದುವ ಮಕ್ಕಳಿಗೆ ನೆರವು, ಹೊಲಿಗೆ ಯಂತ್ರ, ತ್ರಿಚಕ್ರ ವಾಹನಗಳೆಲ್ಲ ಇದರಿಂದಲೇ. ಅರ್ಜಿ ಕರೆದ ಸುದ್ದಿ ಕಚೇರಿಯ ಫಲಕದಲ್ಲೇ ಉಳಿದರೆ ಕಾಲಿಲ್ಲದವನು ಅಲ್ಲಿಗೆ ಬಂದು ಓದುವುದು ಹೇಗೆ? ತನ್ನ ವಾರ್ಡಿನಲ್ಲಿ ಅಂಥವರು ಯಾರು ಎಂದು ಮೆಂಬರರಿಗೆ ಹೆಸರು ಹಿಡಿದು ಗೊತ್ತಿರಬೇಕು.

ಸಂವಿಧಾನದ 74 ನೆಯ ತಿದ್ದುಪಡಿ 1993 ರ ಜೂನ್ 1 ರಿಂದ ಜಾರಿಗೆ ಬಂದು ಪೌರಸಂಸ್ಥೆಗಳಿಗೆ ಗಟ್ಟಿ ನೆಲೆ ಕೊಟ್ಟಿತು. ಆದರೆ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ ಮಾತ್ರ. ನಮ್ಮ ನಾಲ್ಕೂ ಊರುಗಳು ಅದರ ಹೊರಗೆ ಉಳಿದವು. ಹಾಗಾಗಿ ಇಲ್ಲಿ ಮೆಂಬರರ ಮನೆಯ ಕಟ್ಟೆಯೇ ವಾರ್ಡ್ ಸಮಿತಿ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989 ರಿಂದ ಓಣಿಯ ಜನರೇ ಸಭೆ ಸೇರಿ ಯಾವ ಕೆಲಸಕ್ಕೆ ಮೊದಲು ಹಣ ಎಂದು ತೀರ್ಮಾನಿಸುವ ಪದ್ಧತಿ ಶುರುವಾಯಿತು. ನಮ್ಮಲ್ಲೂ ಬಜೆಟ್ ಮಂಡನೆಗೆ ಮೊದಲು ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತಾರೆ. ಬರುವವರು ಬೆರಳೆಣಿಕೆಯಷ್ಟು. ಕಟ್ಟೆಯ ಮೇಲೆ ಆಡಿದ ಮಾತನ್ನು ಆ ಸಭೆಯಲ್ಲಿ ಬರೆದು ಕೊಟ್ಟರೆ ಅದಕ್ಕೊಂದು ದಾಖಲೆಯಾಗುತ್ತದೆ.

ನಮ್ಮ ರಾಜ್ಯದ ಪೌರಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ನಸುಕಿನಲ್ಲಿ ಎದ್ದು ನಳದ ಮುಂದೆ ಕೊಡ ಇಟ್ಟು ಕಾಯುವವರು ಅವರೇ, ಯಾವ ಮನೆಗೆ ನೀರಿನ ಒತ್ತಡ ಸಾಲದು ಎಂದು ಬಲ್ಲವರೂ ಅವರೇ. ಗೆದ್ದ ಮಹಿಳೆಯರ ಪರವಾಗಿ ಗಂಡನೋ ಮಗನೋ ಕಚೇರಿಯಲ್ಲಿ ಮಾತಾಡುವ ರೂಢಿ ಹೋಗಬೇಕು. ಮನೆಗೆ ಹೋದಾಗ ನಾವಾದರೂ ಮೆಂಬರ್ ಅಕ್ಕನವರನ್ನೇ ಕರೆದು ಕಷ್ಟ ಹೇಳಬೇಕು.

ಪೌರಕಾರ್ಮಿಕರನ್ನು ಬಿಟ್ಟು ಈ ಮಾತು ಮುಗಿಯದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಷೇಧಿಸಿದರು. ಈಗ ಸೆಪ್ಟೆಂಬರ್ 23 ರಂದು ಪೌರಕಾರ್ಮಿಕರ ದಿನ ಆಚರಿಸಿ ಹಾರ ಹಾಕುತ್ತೇವೆ. ಉಳಿದ ದಿನಗಳಲ್ಲಿ ಅವರಿಗೆ ಕೈಗವಸು ಸಿಕ್ಕಿದೆಯೇ, ಪಗಾರ ತಿಂಗಳಿಗೆ ಸರಿಯಾಗಿ ಆಗಿದೆಯೇ ಎಂದು ಸಭೆಯಲ್ಲಿ ಕೇಳುವ ಮೆಂಬರ್ ಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ನಮ್ಮ ಪಾಲಿನದು. ಒಡೆದ ಗಾಜನ್ನು ಅನ್ನದ ಕಸದಲ್ಲಿ ಹಾಕಿದರೆ ಕೊಯ್ಯುವುದು ಅವರ ಕೈಯನ್ನು.

ಕೊನೆಯದಾಗಿ ಒಂದು ನೋವಿನ ವಿಷಯ. ನಮ್ಮ ಜಿಲ್ಲೆಯ ಪೌರಸಂಸ್ಥೆಗಳಿಗೆ 2018 ರ ಆಗಸ್ಟ್ 31 ರಂದು ಮತದಾನವಾಯಿತು. ಜನ ಸಾಲಿನಲ್ಲಿ ನಿಂತು ಆರಿಸಿದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಗೆದ್ದವರು ಸಭೆಯನ್ನೇ ಕಾಣಲಿಲ್ಲ. ಅಧ್ಯಕ್ಷರ ಚುನಾವಣೆ ನಡೆದದ್ದು 2020 ರ ಕೊನೆಯ ತಿಂಗಳುಗಳಲ್ಲಿ. ಎರಡೂವರೆ ವರ್ಷದ ಮೊದಲ ಅವಧಿ 2023 ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಪಟ್ಟಿ ಬರುವ ಹೊತ್ತಿಗೆ 2024 ರ ಆಗಸ್ಟ್ ಆಗಿತ್ತು. ಅಧ್ಯಕ್ಷರಿಲ್ಲದ ಆ ದಿನಗಳಲ್ಲಿ ಜಿಲ್ಲಾಧಿಕಾರಿಯೋ ತಹಶೀಲ್ದಾರರೋ ಆಡಳಿತಾಧಿಕಾರಿ. ಅವರು ಕೆಲಸ ಮಾಡುವುದಿಲ್ಲವೆಂದಲ್ಲ, ಆದರೆ ಅವರ ಮೇಜಿನ ಮೇಲೆ ಇಡೀ ಜಿಲ್ಲೆಯೋ ತಾಲ್ಲೂಕೋ ಇರುತ್ತದೆ. ಒಂದು ಓಣಿಯ ಗಟಾರಕ್ಕಾಗಿ ಎದ್ದು ನಿಂತು ಮಾತಾಡುವ ಸಭೆಯೇ ಇರುವುದಿಲ್ಲ. ಹೀಗೇಕೆ ಎಂದು ನಾವು ಬೀದಿಗಿಳಿದು ಕೇಳಲಿಲ್ಲ ಎಂಬುದು ನನಗೆ ಬೇಸರ ತರಿಸುತ್ತದೆ. ಚುನಾವಣೆ ವೇಳೆಗೆ ಸರಿಯಾಗಿ ನಡೆಯಬೇಕೆಂಬುದು ಸಂವಿಧಾನದ ಮಾತು.

ಸಭೆ ಇದ್ದಾಗಲೂ ಇಲ್ಲದಾಗಲೂ ಮಾಡಬಹುದಾದ ಕೆಲಸ ಒಂದಿದೆ. ಬೇಡಿಕೆಯನ್ನು ಬಾಯಲ್ಲಿ ಹೇಳಿ ಬರಬೇಡಿ. ಬಿಳಿ ಹಾಳೆಯಲ್ಲಿ ಬರೆದು, ಓಣಿಯ ನಾಲ್ಕಾರು ಜನ ಸಹಿ ಮಾಡಿ, ಎರಡು ಪ್ರತಿ ಒಯ್ಯಿರಿ. ಒಂದನ್ನು ಆವಕ ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ, ಆ ಪ್ರತಿಯ ಝೆರಾಕ್ಸನ್ನು ಮೆಂಬರರ ಕೈಗೂ ಕೊಡಿ. ಮುಂದಿನ ಸಭೆಯಾದ ಮೇಲೆ ಅದರ ಠರಾವು ಏನಾಯಿತೆಂದು ಕೇಳಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ನಡಾವಳಿಯ ನಕಲು ಪಡೆಯಬಹುದು.