ಸೈನ್ಯದ ಎರಡು ಬಾಗಿಲುಗಳು

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನರ ಸಮಾವೇಶದಲ್ಲಿ ಮಾಡಿದ ಭಾಷಣ)



ಕಾಲೇಜು ಮುಗಿಸುತ್ತಿರುವ ಮಕ್ಕಳಿಗೆ ಸೈನ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಾವು ಭಾಷಣಕಾರರಲ್ಲ. 1976ರಲ್ಲಿ ಸೈನ್ಯದ ಗುಮಾಸ್ತರಾಗಿ ಸೇರಿ, ಇಪ್ಪತ್ತೆಂಟು ವರ್ಷ ದುಡಿದು, ಸುಬೇದಾರರಾಗಿ 2004ರಲ್ಲಿ ಊರಿಗೆ ಮರಳಿದವರು. ಆದುದರಿಂದ ಕಂಡದ್ದನ್ನು ಕಂಡ ಹಾಗೆ ನಿವೇದಿಸಿಕೊಳ್ಳುತ್ತೇವೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ 'ಮಿಲಿಟರಿಗೆ ಹೋದ' ಎಂದರೆ ಸಿಪಾಯಿಯಾಗಿ ಹೋದ ಎಂದೇ ಅರ್ಥ. ಅಧಿಕಾರಿಯಾಗುವುದೆಂದರೆ ಅದು ಕೊಡಗಿನವರ ಕೆಲಸ, ಕಾರ್ಯಪ್ಪನವರ, ತಿಮ್ಮಯ್ಯನವರ ವಂಶದವರ ಕೆಲಸ ಎಂಬ ಭಾವನೆ ಇಲ್ಲಿ ಬೇರೂರಿದೆ. ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು. ಆಡಳಿತ ಎರಡಾದರೂ ಮನೋಭಾವ ಒಂದೇ. ಇದಕ್ಕೆ ಕಾರಣವನ್ನು ನಮ್ಮವರ ಹೇಡಿತನದಲ್ಲಿ ಹುಡುಕಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತೀಯನು ಜೀವಮಾನವೆಲ್ಲ ದುಡಿದು ಸುಬೇದಾರನಾದರೂ, ನಿನ್ನೆ ಮೊನ್ನೆ ಹಡಗಿನಿಂದಿಳಿದ ಬಿಳಿಯ ಲೆಫ್ಟಿನೆಂಟನಿಗೆ ಅಧೀನನೇ ಆಗಿದ್ದನು. ಕಾರ್ಯಪ್ಪನವರು ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು ಅಧಿಕಾರಿಯಾದದ್ದು 1919ರಲ್ಲಿ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ ಆರಂಭವಾದದ್ದು 1932ರಲ್ಲಿ. ಬಾಗಿಲು ತೆರೆದು ಇಷ್ಟು ಕಾಲವಾದರೂ ನಮ್ಮ ಹಳ್ಳಿಗಳಿಗೆ ಆ ಸುದ್ದಿ ಪೂರ್ತಿಯಾಗಿ ಮುಟ್ಟಿಲ್ಲ.

ನಮಗಂತೂ ಮುಟ್ಟಿರಲಿಲ್ಲ. ನಾವು ಬಿ.ಎ. ಮುಗಿಸಿದಾಗ ತಂದೆಯವರಿಗೆ ರೇಷ್ಮೆ ಹುಳುವಿನ ಸಾಲವಿತ್ತು. ಎರಡು ಬೆಳೆ ಕೈಕೊಟ್ಟಿತ್ತು. ಭರ್ತಿ ನಡೆಯುತ್ತಿದೆಯೆಂದು ಯಾರೋ ಹೇಳಿದರು; ಹೋದೆವು, ಓಡಿದೆವು, ಆಯ್ಕೆಯಾದೆವು. ಒಂದೂವರೆ ವರ್ಷದ ಬಳಿಕ ನಮ್ಮ ಘಟಕಕ್ಕೆ ಹೊಸ ಲೆಫ್ಟಿನೆಂಟ್ ಒಬ್ಬರು ಬಂದರು. ಅವರೂ ಬಿ.ಎ., ವಯಸ್ಸಿನಲ್ಲಿ ನಮಗಿಂತ ಎಂಟು ತಿಂಗಳು ಚಿಕ್ಕವರು. ನಾವು ಬೆರಳಚ್ಚು ಮಾಡಿದ ಕಾಗದಗಳಿಗೆ ಅವರು ಸಹಿ ಹಾಕುತ್ತಿದ್ದರು. ಒಂದು ದಿನ, 'ನೀನೂ ಪದವೀಧರ, ಪರೀಕ್ಷೆಗೆ ಏಕೆ ಕೂರಲಿಲ್ಲ?' ಎಂದು ಕೇಳಿದರು. ಅಂಥ ಪರೀಕ್ಷೆಯೊಂದಿದೆಯೆಂಬುದೇ ತಿಳಿದಿರಲಿಲ್ಲವೆಂದೆವು. ಅವರು ನಗಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆದರೆ ಇನ್ನೊಂದು ರಾತ್ರಿಯನ್ನೂ ಹೇಳಬೇಕು. ಬೆಟ್ಟದ ಪ್ರದೇಶದಲ್ಲಿದ್ದಾಗ ಮಳೆಗೆ ಮಣ್ಣು ಕುಸಿದು ನಮ್ಮ ಒಂದು ವಾಹನ ಕಣಿವೆಗೆ ಬಿದ್ದು ಒಬ್ಬ ಜವಾನ ತೀರಿಕೊಂಡನು. ಅಂದು ಬೆಳಿಗ್ಗೆ ವಾಹನವನ್ನು ಕಳುಹಿಸುವ ತೀರ್ಮಾನ ಅದೇ ಲೆಫ್ಟಿನೆಂಟರದಾಗಿತ್ತು. ತಪ್ಪೇನೂ ಇರಲಿಲ್ಲ, ಆಚೆಯ ಠಾಣ್ಯಕ್ಕೆ ಔಷಧಿ ಹೋಗಲೇಬೇಕಾಗಿತ್ತು. ಆತನ ತಾಯಿತಂದೆಗೆ ಪತ್ರ ಬರೆಯುವುದೂ ಅವರ ಪಾಲಿಗೇ ಬಂತು. ನಾಲ್ಕು ಸಲ ಹೇಳಿ ಬರೆಸಿ ನಾಲ್ಕು ಸಲವೂ ಹರಿದು ಹಾಕಿದರು. ಐದನೆಯದನ್ನು ತಾವೇ ಕೈಯಲ್ಲಿ ಬರೆದರು. ಇಪ್ಪತ್ತಮೂರು ವರ್ಷದ ಹುಡುಗ! ಅಂದು ಅವರ ಕುರ್ಚಿಯಲ್ಲಿ ಕೂರುವ ಆಸೆ ನಮಗೆ ಕಿಂಚಿತ್ತೂ ಆಗಲಿಲ್ಲ.

ಆದ್ದರಿಂದ ಸಿಪಾಯಿ ಕೆಳಗಿನ ಮೆಟ್ಟಿಲು, ಅಧಿಕಾರಿ ಮೇಲಿನ ಮೆಟ್ಟಿಲು ಎಂದು ಎಣಿಸುವುದನ್ನು ಮೊದಲು ಬಿಡಬೇಕು. ಇವು ಎರಡು ಬೇರೆ ಕೆಲಸಗಳು. ಒಬ್ಬನು ತನ್ನ ಆಯುಧವನ್ನು, ತನ್ನ ಯಂತ್ರವನ್ನು, ಪಕ್ಕದವನ ಪ್ರಾಣವನ್ನು ಕಾಯುತ್ತಾನೆ. ಇನ್ನೊಬ್ಬನು ಮೂವತ್ತು ಜನರನ್ನು ಎಲ್ಲಿಗೆ ಕಳುಹಿಸಬೇಕೆಂದು ನಿರ್ಧರಿಸಿ, ಅದರ ಫಲವನ್ನು ಹೊರುತ್ತಾನೆ. 1971ರ ಡಿಸೆಂಬರ್ 3ರಂದು ಗಂಗಾಸಾಗರದಲ್ಲಿ ಶತ್ರುವಿನ ಮೆಷಿನ್ ಗನ್ನನ್ನು ಮೌನಗೊಳಿಸಿ ಪ್ರಾಣ ತೆತ್ತು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ ಲಾನ್ಸ್ ನಾಯಕರಾಗಿದ್ದರು. ಈಗಿನ ಜಾರ್ಖಂಡದ ಬುಡಕಟ್ಟಿನ ಕ್ರೈಸ್ತ ಕುಟುಂಬದ ಮಗ. 1990ರಿಂದ 1993ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಸುನೀತ್ ಫ್ರಾನ್ಸಿಸ್ ರೋಡ್ರಿಗ್ಸ್ ಅವರೂ ನಮ್ಮ ಸಭೆಯವರೇ. ಇವರಿಬ್ಬರನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ಗೌರವದ ಮಾತು ಹಾಗಿರಲಿ, ವಯಸ್ಸಿನ ಲೆಕ್ಕಕ್ಕೆ ಬರೋಣ. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದಾಗ ಭರ್ತಿಯ ವಯಸ್ಸು ಹದಿನೇಳೂವರೆಯಿಂದ 21 ಎಂದಾಯಿತು. ಆ ಒಂದು ವರ್ಷಕ್ಕೆ ಮಾತ್ರ 23ಕ್ಕೆ ಏರಿಸಿದರು. ಆಮೇಲಿನ ನಿಯಮವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಪದವಿ ಮುಗಿಯುವ ಹೊತ್ತಿಗೆ ನಮ್ಮ ಹುಡುಗನಿಗೆ 21 ಆಗಿರುತ್ತದೆ. 'ಮೊದಲು ಡಿಗ್ರಿ ಆಗಲಿ, ಆಮೇಲೆ ಸಿಪಾಯಿಯಾಗೋಣ' ಎಂದುಕೊಂಡವನಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಹೋಗಿರುತ್ತದೆ. ಅಧಿಕಾರಿಯ ಬಾಗಿಲಾದರೋ ಆಗ ತಾನೇ ತೆರೆದಿರುತ್ತದೆ. ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ನಡೆಸುವ ಸಿ.ಡಿ.ಎಸ್. ಪರೀಕ್ಷೆಯ ಮೂಲಕ ಡೆಹ್ರಾಡೂನಿಗೆ 24ರವರೆಗೆ, ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ 25ರವರೆಗೆ ಅವಕಾಶವಿದೆ. ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು. ಎನ್.ಸಿ.ಸಿ.ಯ 'ಸಿ' ಪ್ರಮಾಣಪತ್ರವೂ ಪದವಿಯಲ್ಲಿ ಶೇಕಡಾ 50 ಅಂಕಗಳೂ ಇದ್ದವರಿಗೆ ಚೆನ್ನೈಗೆ ಲಿಖಿತ ಪರೀಕ್ಷೆಯೇ ಇಲ್ಲದ ದಾರಿಯೊಂದಿದೆ. ಕಾಲೇಜಿನಲ್ಲಿ ಎನ್.ಸಿ.ಸಿ.ಯನ್ನು ಉಪ್ಪಿಟ್ಟಿಗಾಗಿ ಸೇರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಹಣದ ವಿಷಯವನ್ನು ದೇವಾಲಯದ ಅಂಗಳದಲ್ಲಿ ಆಡಬಾರದೆಂದೇನಿಲ್ಲ. ಯೋಜನೆ ಪ್ರಕಟವಾದಾಗ ಹೇಳಿದಂತೆ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 21,000, ಉಳಿದದ್ದು ಸೇವಾನಿಧಿಗೆ. ನಾಲ್ಕು ವರ್ಷಗಳ ಕೊನೆಗೆ ಸುಮಾರು 11.71 ಲಕ್ಷ. ನೂರರಲ್ಲಿ ಇಪ್ಪತ್ತೈದರವರೆಗೆ ಮಾತ್ರ ಮುಂದಿನ ಸೇವೆಗೆ ಉಳಿಯುತ್ತಾರೆ, ಉಳಿದವರಿಗೆ ಪಿಂಚಣಿಯಿಲ್ಲ. ಇತ್ತ ಲೆಫ್ಟಿನೆಂಟನ ಮೂಲವೇತನ ಏಳನೆಯ ವೇತನ ಆಯೋಗದಂತೆ 56,100 ರೂಪಾಯಿ. ಆದರೆ ಚೆನ್ನೈನಿಂದ ಹೊರಬರುವವರದು ಅಲ್ಪಾವಧಿ ಸೇವೆ. ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. ಅಷ್ಟಕ್ಕೇ ಹೊರಬಂದರೆ ಅವರಿಗೂ ಪಿಂಚಣಿಯಿಲ್ಲ. 'ಆಫೀಸರಾದರೆ ಸಾಯುವವರೆಗೂ ಚಿಂತೆಯಿಲ್ಲ' ಎಂದು ಮಕ್ಕಳ ತಲೆಯಲ್ಲಿ ತುಂಬುವ ಮಾವಂದಿರು ದಯವಿಟ್ಟು ಇದನ್ನು ತಿಳಿಯಬೇಕು.

ಇಂಗ್ಲಿಷಿನ ಭಯ ಇನ್ನೊಂದು. ಅದನ್ನು ಸುಳ್ಳೆಂದು ಹೇಳಲಾರೆವು. ಡೆಹ್ರಾಡೂನಿಗೆ ಇಂಗ್ಲಿಷ್, ಸಾಮಾನ್ಯಜ್ಞಾನ, ಗಣಿತ ಎಂದು ಮೂರು ಪತ್ರಿಕೆಗಳು, ಚೆನ್ನೈಗೆ ಗಣಿತವಿಲ್ಲ. ಕನ್ನಡದಲ್ಲಿ ಯಾವುದೂ ಇಲ್ಲ. ಇದು ಮಾರ್ಟಳ್ಳಿಯ, ಸಂದನಪಾಳ್ಯದ ಹುಡುಗನಿಗೆ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೂ ಎರಡು ವರ್ಷ ಮುಂಚಿತವಾಗಿ ಆರಂಭಿಸಿದರೆ ದಾಟಲಾಗದ ಹೊಳೆಯಲ್ಲ. ಲಿಖಿತ ಪರೀಕ್ಷೆಯ ನಂತರದ ಐದು ದಿನಗಳ ಆಯ್ಕೆ ಬೆಂಗಳೂರಿನ ಸೆಲೆಕ್ಷನ್ ಸೆಂಟರಿನಲ್ಲೂ ನಡೆಯುತ್ತದೆ. ಅಲ್ಲಿ ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಒಂದು ಅಡ್ಡಿಯನ್ನು ಗುಂಪಾಗಿ ದಾಟಲು ಹೇಳುತ್ತಾರೆ. ಯಾರು ಜೋರಾಗಿ ಮಾತನಾಡಿದರೆಂಬುದಕ್ಕಿಂತ, ಹಿಂದೆ ಉಳಿದವನ ಕೈಯನ್ನು ಯಾರು ಹಿಡಿದರೆಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬರಗಾಲದಲ್ಲಿ ಮನೆ ನಡೆಸಿದ ತಾಯಂದಿರ ಮಕ್ಕಳಿಗೆ ಇದು ಹೊಸ ವಿದ್ಯೆಯೇ? ಒಮ್ಮೆ ತಿರಸ್ಕೃತರಾದವರು ಮತ್ತೆ ಹೋಗಬಹುದು. ಮೂರನೆಯ, ನಾಲ್ಕನೆಯ ಸಲ ಗೆದ್ದವರನ್ನು ನಾವು ಬಲ್ಲೆವು.

ಹೆಣ್ಣುಮಕ್ಕಳನ್ನು ಮರೆತಿಲ್ಲ. ಚೆನ್ನೈನ ಅಕಾಡೆಮಿಯು 1992ರಿಂದ ಅವರಿಗೂ ತರಬೇತಿ ನೀಡುತ್ತಿದೆ. ಶುಶ್ರೂಷೆ ಕಲಿಯಲು ಹೊರಡುವ ನಮ್ಮ ಎಷ್ಟೋ ಹುಡುಗಿಯರಿಗೆ, ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದವರು ಲೆಫ್ಟಿನೆಂಟ್ ಹುದ್ದೆಯಿಂದಲೇ ಆರಂಭಿಸುತ್ತಾರೆಂಬುದು ಗೊತ್ತಿರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಮನೆಗೆ ಒಂದು ವರ್ಷ ಕಾಯುವ ತ್ರಾಣವಿದ್ದರೆ ಪದವೀಧರನು ಮೊದಲು ಅಧಿಕಾರಿಯ ಬಾಗಿಲನ್ನೇ ತಟ್ಟಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಾಯಲಾಗದ ಮನೆಗಳೂ ಇವೆ. ನಮ್ಮದು ಅಂಥದೇ ಆಗಿತ್ತು. ಅಂಥವರು ಪದವಿಗೆ ಕಾಯದೆ ಹತ್ತೊಂಬತ್ತರಲ್ಲೇ ಭರ್ತಿಯಾಗಲಿ, ಓದನ್ನು ಅಂಚೆಯ ಮೂಲಕ ಮುಂದುವರಿಸಲಿ. ಕಾಯಂ ಸೇವೆಯ ಜವಾನರಿಗೆ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗುವ ದಾರಿಯೊಂದು ಹಿಂದಿನಿಂದಲೂ ಇದೆ. ನಮಗೂ ಅದಕ್ಕೆ ಅರ್ಜಿ ಹಾಕೆಂದು ಆ ಲೆಫ್ಟಿನೆಂಟರೇ ಹೇಳಿದ್ದರು. ಆಗ ತಂಗಿಯ ಮದುವೆ ಎದುರಿಗಿತ್ತು. ಮುಂದಿನ ವರ್ಷ ನೋಡೋಣವೆಂದೆವು; ಮುಂದಿನ ವರ್ಷಕ್ಕೆ ವಯಸ್ಸು ಮೀರಿತ್ತು.

ನಮ್ಮ ಬೀದಿಯ ಹುಡುಗನೊಬ್ಬ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾನೆ. ದಿನವೂ ಬೆಳಗಿನ ಜಾವ ಹನೂರು ರಸ್ತೆಯಲ್ಲಿ ಓಡುತ್ತಾನೆ. ಹಿಂತಿರುಗಿ ನಮ್ಮ ಜಗಲಿಯ ಮೇಲೆ ಕುಳಿತು ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾನೆ, ತಪ್ಪಿದಲ್ಲಿ ನಾವು ತಿದ್ದುತ್ತೇವೆ. ಕಳೆದ ವಾರ ಎರಡೂ ಅರ್ಜಿಗಳನ್ನು ತಂದು ಮುಂದಿಟ್ಟು, 'ಯಾವುದು ತಾತಾ?' ಎಂದನು. ಹುಟ್ಟಿದ ದಿನಾಂಕ ಕೇಳಿದೆವು. ಬೆರಳಲ್ಲಿ ಎಣಿಸಿದೆವು. ಎರಡಕ್ಕೂ ಇನ್ನೂ ಕಾಲವಿತ್ತು. ಎರಡನ್ನೂ ತುಂಬಿದೆವು.