ಮೊದಲಿಲ್ಲದ್ದು

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಾರನಹಳ್ಳಿ ಎಂಬ ಹೋಬಳಿಯ ಊರು ಉಂಟು. ಹಾರನಹಳ್ಳಿ ಎಂದೊಡನೆ ಅರಸೀಕೆರೆಯ ಕಡೆಯವರು ತಮ್ಮ ಊರಿನ ಹೊಯ್ಸಳ ಗುಡಿಗಳನ್ನು ನೆನೆದಾರು. ನಾನು ಹೇಳುವುದು ಅದನ್ನಲ್ಲ. ಹೊಗೆಸೊಪ್ಪಿನ ಸೀಮೆಯ ಹಾರನಹಳ್ಳಿಯನ್ನು. ಒಮ್ಮೆ ಅಲ್ಲಿ ವೃದ್ಧರಾದ ರೈತರೊಬ್ಬರನ್ನು, "ಇಲ್ಲಿ ಹೊಗೆಸೊಪ್ಪು ಬೆಳೆಯುವುದು ಎಂದಿನಿಂದ?" ಎಂದು ಕೇಳಿದೆ. ಅವರು ತಡಮಾಡದೆ, "ಅನಾದಿಯಿಂದ ಸ್ವಾಮಿ" ಎಂದರು.

ಅವರ ಮಾತಿನಲ್ಲಿ ಕಪಟವಿರಲಿಲ್ಲ. ತಂದೆ ಬೆಳೆದದ್ದನ್ನು ಕಂಡಿದ್ದರು. ಅಜ್ಜ ಬೆಳೆದದ್ದನ್ನು ಕೇಳಿದ್ದರು. ಅದರಾಚೆಯದೆಲ್ಲ ಅವರ ಪಾಲಿಗೆ ಅನಾದಿ. ಆದರೆ ಹೊಗೆಸೊಪ್ಪಿನ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳೊಡನೆ ಅದು ನಮ್ಮ ದೇಶಕ್ಕೆ ಬಂದು ಸುಮಾರು 400 ವರ್ಷಗಳಾದವು, ಅಷ್ಟೆ. ಹೊಗೆ, ಸೊಪ್ಪು ಎಂಬ ಎರಡು ಅಚ್ಚಗನ್ನಡ ಮಾತುಗಳನ್ನು ಕೂಡಿಸಿ ನಾವು ಅದಕ್ಕೆ ಹೆಸರಿಟ್ಟೆವು. ಹೆಸರು ಮನೆಯದಾದೊಡನೆ ಅತಿಥಿ ಮನೆಯವನೇ ಆಗಿಬಿಟ್ಟ. ನಮ್ಮ ಸಾರಿನ ಮೆಣಸಿನಕಾಯಿಯ ಕಥೆಯೂ ಇದೇ. ಈ ಬಾನುಲಿಯ ಹೆಸರನ್ನೇ ನೋಡಿ: ಆಕಾಶವಾಣಿ ಎಂದರೆ ಪುರಾಣಕಾಲದ ಮಾತು, ಆದರೆ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆ ಹೆಸರಿನ ನಿಲಯವನ್ನು ಆರಂಭಿಸಿದ್ದು 1935ರಲ್ಲಿ.

ಹಾಗಾದರೆ ನಿಜವಾಗಿ ಅನಾದಿ ಎಂದರೇನು? ಇಂಗ್ಲಿಷಿನಲ್ಲಿ ಇದಕ್ಕೆ ಅಪರೂಪದ ಒಂದು ವಿಶೇಷಣವುಂಟು: 'ಅನ್‌ಒರಿಜಿನೇಟ್'. ಅಂಗಡಿ ಬೀದಿಯಲ್ಲಿ ಈ ಪದ ಕೇಳಸಿಗದು. ದೇವಶಾಸ್ತ್ರದ ಗ್ರಂಥಗಳಲ್ಲಿ ಮಾತ್ರ ಅದರ ವಾಸ. ಬಹಳ ಹಳೆಯದು ಎಂಬುದು ಅದರ ಅರ್ಥವಲ್ಲ. ಯಾವುದಕ್ಕೆ ಮೂಲವೇ ಇಲ್ಲವೋ, ಯಾವುದು ಬೇರೊಂದರಿಂದ ಬಂದದ್ದಲ್ಲವೋ, ಅದಕ್ಕೆ ಮಾತ್ರ ಆ ಪದ ಸಲ್ಲುತ್ತದೆ.

ಅದರ ಹಿಂದೆ ದೊಡ್ಡದೊಂದು ವಾದವಿದೆ. 4ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ, ತಂದೆಯಾದ ದೇವರೊಬ್ಬನೇ ಮೂಲವಿಲ್ಲದವನು, ಮಗನಾದ ಕ್ರಿಸ್ತನಿಗೆ ಆರಂಭವುಂಟು ಎಂದು ಬೋಧಿಸಿದ. 325ರಲ್ಲಿ ನೈಸಿಯ ಎಂಬಲ್ಲಿ ಸೇರಿದ ಬಿಷಪ್ಪರ ಸಭೆ ಅದನ್ನು ತಳ್ಳಿಹಾಕಿತು. ಮಗನು ತಂದೆಯಿಂದ ಜನಿಸಿದವನೆಂಬುದು ನಿಜ, ಆದರೆ ನಿರ್ಮಿತನಾದವನಲ್ಲ ಎಂಬುದು ಆ ಸಭೆಯ ನಿರ್ಣಯ. ಗ್ರೀಕಿನಲ್ಲಿ 'ಅಗೆನೆಟೋಸ್' ಎಂದರೆ ಉಂಟಾಗದ್ದು. 'ಅಗೆನ್ನೆಟೋಸ್' ಎಂದರೆ ಜನಿಸದ್ದು. ನಡುವೆ ಒಂದು ನಕಾರದ ಒತ್ತು ಮಾತ್ರ ವ್ಯತ್ಯಾಸ! ಆ ಒತ್ತಿನ ಎರಡು ಪಕ್ಕಗಳಲ್ಲಿ ಪಂಡಿತರು ಬಹುಕಾಲ ಹೆಣಗಿದರು.

ನಮ್ಮಲ್ಲಿ ಈ ಭಾವಕ್ಕೆ ಮಾತುಗಳ ಬಡತನವಿಲ್ಲ. ಹುಟ್ಟದವನು ಅಜ; ತಾನೇ ಆದವನು ಸ್ವಯಂಭೂ; ಗರ್ಭದಿಂದ ಬಾರದವನು ಅಯೋನಿಜ; ಪುರುಷನಿಂದ ರಚಿತವಾಗದ್ದು ಅಪೌರುಷೇಯ. ಎಲ್ಲಕ್ಕೂ ವ್ಯಾಪಕವಾದದ್ದು ಅನಾದಿ.

ಇದೇ ಸೀಮೆಯಲ್ಲಿ, ಕೃಷ್ಣರಾಜನಗರದ ಕಡೆ, ಚಿಕ್ಕಹನಸೋಗೆ ಎಂಬ ಊರಿದೆ. ಅಲ್ಲಿ ಮೂರು ಗರ್ಭಗುಡಿಗಳ ಪ್ರಾಚೀನ ಬಸದಿಯೊಂದುಂಟು. ಆದಿನಾಥ ಬಸದಿ ಎಂದು ಪ್ರಸಿದ್ಧ. ಹನಸೋಗೆಯ ಬಸದಿಯನ್ನು 11ನೆಯ ಶತಮಾನದಲ್ಲಿ ನನ್ನಿ ಚಂಗಾಳ್ವನೆಂಬ ಅರಸು ಹೊಸದಾಗಿ ಕಟ್ಟಿಸಿದನು. ಆದರೆ ಶಾಸನ ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ಬಸದಿಯ ಮೂಲವನ್ನು ದಶರಥನ ಮಗ ಶ್ರೀರಾಮನವರೆಗೆ ಒಯ್ಯುತ್ತದೆ. ಹಾರನಹಳ್ಳಿಯ ಅಜ್ಜ ಮಾಡಿದ್ದೂ ಅದನ್ನೇ ತಾನೆ? ಪ್ರೀತಿಯ ವಸ್ತುವನ್ನು ಆದಷ್ಟು ಹಿಂದಕ್ಕೆ ಒಯ್ಯುವುದು ಮನುಷ್ಯನ ಸ್ವಭಾವ. ಸೋಜಿಗವೇನೆಂದರೆ, ಜೈನಮತದಲ್ಲಿ ಜಗತ್ತಿಗೆ ಕರ್ತೃವೂ ಇಲ್ಲ, ಆರಂಭವೂ ಇಲ್ಲ. ಆದಿನಾಥನು ಆದಿಯಾದದ್ದು ಈ ಕಾಲಚಕ್ರದ ಇಳಿಗಾಲದ ತೀರ್ಥಂಕರರಲ್ಲಿ ಮಾತ್ರ. ಚಕ್ರಕ್ಕೆ ಮೊದಲೆಲ್ಲಿ?

ಇನ್ನು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ, ಬೇರೊಂದು ಊರಿನಲ್ಲಿ, ಜೊತೆಯ ಹುಡುಗನೊಬ್ಬನೊಡನೆ ಚಹದ ಅಂಗಡಿಗೆ ಹೋದೆ. ನನಗೆ ಒಳಗಿನ ಲೋಟ ಬಂತು. ಅವನಿಗೆ ಹೊರಗಿನ ಗೂಡಿನಲ್ಲಿ ಕವುಚಿಟ್ಟಿದ್ದ ಬೇರೆ ಲೋಟ. ಕುಡಿದು ತಾನೇ ತೊಳೆದಿಡಬೇಕು. ಏಕೆಂದು ಕೇಳಿದೆ. "ಅನಾದಿಯಿಂದ ನಡೆದು ಬಂದದ್ದು" ಎಂದರು. ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಮಾಡಿತ್ತು. ಆ ವರ್ತಮಾನ ಗೂಡಿನವರೆಗೆ ತಲುಪಿರಲಿಲ್ಲ. ನಾನು ಸುಮ್ಮನೆ ನನ್ನ ಚಹವನ್ನು ಕುಡಿದೆ. ಆ ಅಂಗಡಿಗೆ ಹತ್ತು ವರ್ಷವೂ ಆಗಿರಲಿಲ್ಲವೆಂದು, ಚಹ ಕುಡಿಯುವ ರೂಢಿಯೇ ನಮ್ಮ ಹಳ್ಳಿಗಳಿಗೆ ಹೊಸದೆಂದು ಆಮೇಲೆ ತಿಳಿಯಿತು. ಚಹಕ್ಕಿಂತ ಮೊದಲು ಚಹದ ಲೋಟದ ಮಡಿ ಹೇಗೆ ಹುಟ್ಟೀತು?

ಲೋಟ ಹೊಸದಾದರೇನು, ಅದರ ಹಿಂದಿನ ಭೇದಭಾವ ಬಹಳ ಹಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಹಳೆಯದು ಹೌದು. ವಾದಕ್ಕಾಗಿ ಅನಾದಿಯೆಂದೇ ಒಪ್ಪೋಣ. ಅದರಿಂದ ಏನು ಸಿದ್ಧಿಸಿತು? ಇಲ್ಲಿ ನಮ್ಮ ತಾರ್ಕಿಕರು ನೆರವಿಗೆ ಬರುತ್ತಾರೆ. ಕುಂಬಾರನು ಇಂದು ಒಂದು ಮಡಕೆ ಮಾಡಿದ. ಅದಕ್ಕೆ ಮುಂಚೆ ಆ ಮಡಕೆ ಇರಲಿಲ್ಲ. ಎಂದಿನಿಂದ ಇರಲಿಲ್ಲ? ನಿನ್ನೆಯೂ ಇಲ್ಲ, ನೂರು ವರ್ಷದ ಹಿಂದೆಯೂ ಇಲ್ಲ. ಆ 'ಇಲ್ಲದಿರುವಿಕೆ'ಗೆ ಮೊದಲೇ ಇಲ್ಲ. ಇದನ್ನು ಅವರು ಪ್ರಾಗಭಾವವೆನ್ನುತ್ತಾರೆ, ಇದು ಅನಾದಿ. ಆದರೆ ಕುಂಬಾರನ ಕೈ ತಿಗರಿಯ ಮೇಲೆ ಆಡಿ ಮಡಕೆ ಸಿದ್ಧವಾಯಿತೋ, ಅದೇ ಕ್ಷಣದಲ್ಲಿ ಆ ಅನಾದಿ ಕೊನೆಗೊಂಡಿತು. ಅನಾದಿಯಾದದ್ದೆಲ್ಲ ಅನಂತವಲ್ಲ, ಅನಾದಿಯಾಗಿದ್ದೂ ಸಾಂತವಾದದ್ದುಂಟು.

ಇದು ಬರಿಯ ಮಡಕೆಯ ತರ್ಕವೆಂದು ತಿಳಿಯಬೇಡಿ. ಬೇರೆಲ್ಲದರಲ್ಲಿ ಜಗಳವಾಡುವ ನಮ್ಮ ದರ್ಶನಗಳು ಈ ಒಂದು ಮಾತಿನಲ್ಲಿ ಕೈಕೂಡಿಸುತ್ತವೆ. ಅವಿದ್ಯೆ ಅನಾದಿ, ಆದರೆ ಜ್ಞಾನದಿಂದ ನಾಶವಾಗುತ್ತದೆ ಎನ್ನುತ್ತಾರೆ ಅದ್ವೈತಿಗಳು. ಜೀವನ ಬಂಧ ಅನಾದಿ, ಆದರೆ ಭಗವಂತನ ಪ್ರಸಾದದಿಂದ ಬಿಡುಗಡೆಯುಂಟು ಎನ್ನುತ್ತಾರೆ ಮಧ್ವಮತದವರು. ಜೀವಕ್ಕೆ ಕರ್ಮದ ಸಂಬಂಧ ಅನಾದಿ, ಆದರೆ ತಪಸ್ಸಿನಿಂದ ಅದು ಕಳಚುತ್ತದೆ ಎನ್ನುತ್ತಾರೆ ಜೈನರು. ಅನಾದಿಯಾದದ್ದು ಅಳಿಯಲಾರದೆಂದು ನಂಬಿದ್ದರೆ ಇವರಲ್ಲಿ ಯಾರಿಗೂ ಮೋಕ್ಷದ ಮಾತೇ ಇರುತ್ತಿರಲಿಲ್ಲ.

ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ, ಊರಿನಲ್ಲಿ ಯಾರಾದರೂ "ಇದು ಅನಾದಿಯಿಂದ ಬಂದದ್ದು" ಎಂದಾಗ ಎರಡು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿರಿ. ನಿಜವಾಗಿ ಅನಾದಿಯೋ, ಅಥವಾ ಅಜ್ಜನ ಕಾಲದ್ದೋ? ಅನಾದಿಯೇ ಆದರೂ ಇರತಕ್ಕದ್ದೋ, ಹೋಗತಕ್ಕದ್ದೋ? ಹೊಗೆಸೊಪ್ಪಿನ ಅಜ್ಜನೊಡನೆ ನಾನು ವಾದಿಸಲಿಲ್ಲ. ಅವರ ಅನಾದಿಯಿಂದ ಯಾರ ಮನಸ್ಸೂ ನೊಂದಿರಲಿಲ್ಲ. ಚಹದ ಅಂಗಡಿಯಲ್ಲಿ ಮಾತ್ರ ಆ ದಿನ ನಾನು ಇನ್ನೊಂದು ಪ್ರಶ್ನೆ ಕೇಳಬೇಕಾಗಿತ್ತು. ನನ್ನ ಗೆಳೆಯ ಲೋಟವನ್ನು ತೊಳೆದು ಗೂಡಿನಲ್ಲಿ ಕವುಚಿಟ್ಟು, ನನ್ನ ಮುಖವನ್ನು ನೋಡದೆ ಮುಂದೆ ನಡೆದ.