ಒಂದೇ ಪುಟ, ಹಲವು ಬ್ರೌಸರ್: ದೋಷ ಹುಡುಕುವ ಬಗೆ



ವಿದ್ಯಾರ್ಥಿವೇತನದ ಪ್ರಕಟಣೆಯೊಂದನ್ನು ಕನ್ನಡ ಮತ್ತು ಉರ್ದು ಎರಡರಲ್ಲೂ ಸಿದ್ಧಪಡಿಸಿ ನೀವು ಅಂತರ್ಜಾಲದಲ್ಲಿ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿದೆ. ಆದರೆ ಒಬ್ಬ ತಾಯಿ ಅದನ್ನು ತನ್ನ ಮೊಬೈಲಿನಲ್ಲಿ ತೆರೆದಾಗ ಉರ್ದು ಅಕ್ಷರಗಳ ತಲೆ ಕತ್ತರಿಸಿಹೋಗಿದೆ, ಅರ್ಜಿಯ ಗುಂಡಿ ಪರದೆಯಿಂದ ಆಚೆ ಸರಿದಿದೆ. ಅವಳ ಪಾಲಿಗೆ ಆ ಅರ್ಜಿಯೇ ಇಲ್ಲ. ಆದ್ದರಿಂದ ಪುಟವಿನ್ಯಾಸ ಎಂಬುದು ಕೇವಲ ಅಂದಚೆಂದದ ವಿಷಯವಲ್ಲ.

ಇಂಥ ಸಮಯದಲ್ಲಿ "ಬ್ರೌಸರ್ ಸರಿಯಿಲ್ಲ" ಎಂದು ಕೈತೊಳೆದುಕೊಳ್ಳುವುದು ಸುಲಭ. ಹಿಂದೆ ಆ ದೂರಿಗೆ ಕಾರಣವೂ ಇತ್ತು. 300 ಪಿಕ್ಸೆಲ್ ಅಗಲದ ಪೆಟ್ಟಿಗೆಗೆ ಎಡ-ಬಲಗಳಲ್ಲಿ 20ರಂತೆ ಒಳಜಾಗ, 5ರಂತೆ ಗೆರೆ ಕೊಟ್ಟರೆ ಸಿಎಸ್ಎಸ್ ನಿಯಮದಂತೆ ಒಟ್ಟು ಅಗಲ 350. ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಇವೆಲ್ಲವನ್ನೂ 300ರೊಳಗೇ ಅಡಗಿಸುತ್ತಿತ್ತು. 2001ರಲ್ಲಿ ಬಂದ 6ನೇ ಆವೃತ್ತಿ ನಿಯಮ ಪಾಲಿಸಿತಾದರೂ, ಪುಟದ ಆರಂಭದಲ್ಲಿ ಸರಿಯಾದ ಡಾಕ್‌ಟೈಪ್ ಘೋಷಣೆ ಇರಬೇಕಿತ್ತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರನ್ನೇ ನಿವೃತ್ತಿಗೊಳಿಸಿತು. ಈಗ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳ ನಡುವಿನ ಅಂತರ ಬಹಳ ಕಡಿಮೆ. ಹಾಗಾಗಿ ದೋಷವನ್ನು ಮೊದಲು ನಮ್ಮ ಪುಟದಲ್ಲೇ ಹುಡುಕಬೇಕು.

ಹುಡುಕುವುದಕ್ಕೂ ಒಂದು ಕ್ರಮವಿದೆ.

ಮೊದಲನೆಯದಾಗಿ, ಪುಟವನ್ನು ಎರಡು ಮೂರು ಬ್ರೌಸರ್‌ಗಳಲ್ಲಿ ತೆರೆಯಿರಿ. ಎಲ್ಲದರಲ್ಲೂ ಕೆಟ್ಟಿದ್ದರೆ ತಪ್ಪು ಹೆಚ್ಚಾಗಿ ಪುಟದ್ದೇ. ಒಂದರಲ್ಲಿ ಮಾತ್ರ ಕೆಟ್ಟಿದ್ದರೆ, ನೀವು ಬಳಸಿದ ಯಾವುದೋ ಹೊಸ ನಿಯಮ ಆ ಆವೃತ್ತಿಗೆ ತಿಳಿಯದಿರಬಹುದು.

ಎರಡನೆಯದಾಗಿ, ಡಾಕ್‌ಟೈಪ್ ಇದೆಯೇ, ಮೊಬೈಲಿಗೆ ಬೇಕಾದ ವ್ಯೂಪೋರ್ಟ್ ಟ್ಯಾಗ್ ಇದೆಯೇ, ತೆರೆದ ಟ್ಯಾಗ್‌ಗಳೆಲ್ಲ ಮುಚ್ಚಿವೆಯೇ ಪರೀಕ್ಷಿಸಿ. ಡಬ್ಲ್ಯು3ಸಿ ಸಂಸ್ಥೆಯ ವ್ಯಾಲಿಡೇಟರ್ ಮುಚ್ಚದ ಟ್ಯಾಗ್‌ಗಳನ್ನು ಸಾಲುಸಂಖ್ಯೆ ಸಹಿತ ತೋರಿಸುತ್ತದೆ.

ಮೂರನೆಯದಾಗಿ, ಕಂಪ್ಯೂಟರಿನಲ್ಲಿ ಎಫ್12 ಕೀಲಿ ಒತ್ತಿ, ಕೆಟ್ಟ ಭಾಗದ ಸಿಎಸ್ಎಸ್ ನಿಯಮಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಪುಟ ಸರಿಹೋಗುತ್ತದೆಯೋ ಅಲ್ಲಿ ದೋಷದ ಸುಳಿವಿದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವ ಮದ್ದಿನಿಂದ ಎಂದು ತಿಳಿಯುವುದಿಲ್ಲ.

ಇನ್ನು ಎರಡು ಭಾಷೆಗಳ ಪುಟದ ಮಾತು. ಉರ್ದುವಿನ ನಸ್ತಲೀಖ್ ಬರಹ ಮೇಲಿನಿಂದ ಓರೆಯಾಗಿ ಇಳಿಯುವುದರಿಂದ ಅದಕ್ಕೆ ಕನ್ನಡಕ್ಕಿಂತ ಎತ್ತರದ ಸಾಲು ಬೇಕು. ಪೆಟ್ಟಿಗೆಗೆ ನಿಗದಿತ ಎತ್ತರ ಕೊಟ್ಟರೆ ಅಕ್ಷರ ಕತ್ತರಿಸಬಹುದು. ಕನಿಷ್ಠ ಎತ್ತರ ಮಾತ್ರ ಕೊಡಿ. ಓದುಗರ ಸಾಧನದಲ್ಲಿ ನಸ್ತಲೀಖ್ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಅಳತೆಯೆಲ್ಲ ಬದಲಾಗುತ್ತದೆ. ಆದ್ದರಿಂದ ನೋಟೊ ನಸ್ತಲೀಖ್ ಉರ್ದುವಿನಂಥ ಫಾಂಟನ್ನು ಪುಟದ ಜೊತೆಗೇ ಒದಗಿಸಿ. ಉರ್ದು ಭಾಗದ ಡಿರ್ ಗುಣಕ್ಕೆ ಆರ್‌ಟಿಎಲ್ ಎಂಬ ಬೆಲೆ ಕೊಡಲು ಮರೆಯಬೇಡಿ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಉರ್ದು ಪದಗಳ ನಂತರ ಕೊನೆಯ ದಿನಾಂಕವನ್ನು 10-12-25 ಎಂದು ಬರೆದರೆ ಪರದೆಯ ಮೇಲೆ ಅದು 25-12-10 ಎಂದು ಕಾಣುತ್ತದೆ. ಡಿಸೆಂಬರ್ 10ರ ಗಡುವನ್ನು ಓದುಗ ಡಿಸೆಂಬರ್ 25 ಎಂದು ತಿಳಿದರೆ ಹದಿನೈದು ದಿನ ತಡ! ಇದು ಬ್ರೌಸರಿನ ದೋಷವಲ್ಲ. ಬಲದಿಂದ ಎಡಕ್ಕೆ ಸಾಗುವ ಬರಹಕ್ಕೆ ಯೂನಿಕೋಡ್ ಇಟ್ಟಿರುವ ನಿಯಮವೇ ಹೀಗೆ. ಎಲ್ಲ ಬ್ರೌಸರ್‌ಗಳೂ ಅದನ್ನೇ ಪಾಲಿಸುತ್ತವೆ. ದಿನಾಂಕವನ್ನು ಪ್ರತ್ಯೇಕ ಸ್ಪ್ಯಾನ್ ಟ್ಯಾಗಿನಲ್ಲಿಟ್ಟು, ಅದರ ಡಿರ್ ಗುಣಕ್ಕೆ ಎಲ್‌ಟಿಆರ್ ಬೆಲೆ ಕೊಡಿ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಇನ್ನೂ ಕ್ಷೇಮ.

ನೆನಪಿಡಿ, ಎಲ್ಲ ಬ್ರೌಸರ್‌ಗಳಲ್ಲಿ ಒಂದೇ ರೀತಿ ಕಂಡಿತು ಎಂದ ಮಾತ್ರಕ್ಕೆ ಪುಟ ಸರಿಯಿದೆ ಎಂದಲ್ಲ. ಪ್ರಕಟಿಸುವ ಮುನ್ನ ಉರ್ದು ಓದುವವರೊಬ್ಬರು, ಕನ್ನಡ ಓದುವವರೊಬ್ಬರು ತಮ್ಮ ತಮ್ಮ ಮೊಬೈಲಿನಲ್ಲಿ ಅದನ್ನು ಓದಿ, ಗಡುವು ಯಾವುದೆಂದು ನಿಮಗೆ ಹೇಳಲಿ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಧೈರ್ಯವಾಗಿ ಪ್ರಕಟಿಸಿ.